ನಾನು ಕೇಳಿ ಪಡೆದ ನಿದ್ದೆ

ನನಗೆ ಬಾಯಿ ಜೋರು ಅಂತ ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತೆಂಟು ವರ್ಷ ನರ್ಸ್ ಆಗಿ, ಅದರಲ್ಲಿ ಹನ್ನೊಂದು ವರ್ಷ ಹೆಡ್ ಸಿಸ್ಟರ್ ಆಗಿ ದುಡಿದವಳಿಗೆ ಬಾಯಿ ಜೋರಿಲ್ಲದಿದ್ದರೆ ನಲವತ್ತು ಮಂಚದ ವಾರ್ಡು ನಡೆಯುತ್ತದೆಯೇ? ಆದರೆ ಇಷ್ಟು ಜೋರು ಬಾಯಿಗೆ ಒಂದೇ ಒಂದು ಮಾತು ಮಾತ್ರ ಆಡಲು ಬರುತ್ತಿರಲಿಲ್ಲ. ಆ ಒಂದು ಮಾತಿಗಾಗಿ ನಾನು ಎಷ್ಟು ಒದ್ದಾಡಿದೆ, ಅಷ್ಟರೊಳಗೆ ನಮ್ಮ ನಸೀಮಾಳನ್ನು ಹೇಗೆ ಕಳೆದುಕೊಳ್ಳುವುದರಲ್ಲಿದ್ದೆ, ಅದನ್ನು ಹೇಳುತ್ತೇನೆ.

ನಮ್ಮೂರಲ್ಲಿ ನಿದ್ದೆಯನ್ನು ಒಬ್ಬರು ಇನ್ನೊಬ್ಬರಿಗೆ ಕೊಡುತ್ತಾರೆ. ಬೇಕಾದವರು ಬಾಯಿಬಿಟ್ಟು ಕೇಳಬೇಕು, ಕೊಡುವವರು ಅವರ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಕೂರಬೇಕು, ಅಷ್ಟೇ. ಕೇಳದಿದ್ದರೆ ಎಷ್ಟು ಹೊತ್ತು ಹಿಡಿದು ಕೂತರೂ ಒಂದು ಆಕಳಿಕೆಯೂ ದಾಟುವುದಿಲ್ಲ. ಹಸುಗೂಸು ಅತ್ತರೆ ಅದೇ ಕೇಳಿದ ಹಾಗೆ. ಹೆಣ್ಣು ನೋಡಲು ಬಂದವರು ಹಾಡು, ಅಡುಗೆ ಎಲ್ಲ ವಿಚಾರಿಸಿದ ಮೇಲೆ ‘ಹುಡುಗಿಗೆ ನಿದ್ದೆ ಚೆನ್ನಾಗಿದೆ ತಾನೇ?’ ಎಂದು ಮೆಲ್ಲಗೆ ಕೇಳುವುದುಂಟು. ನಾಳೆ ಮಕ್ಕಳಿಗೆ, ಅತ್ತೆಗೆ ಕೊಡಬೇಕಲ್ಲ. ಕೊಟ್ಟ ನಿದ್ದೆ ಕೊಟ್ಟವರ ಪಾಲಿಗೆ ಹೋದಂತೆಯೇ. ಅಷ್ಟು ಹೊತ್ತು ಅವರು ರಾತ್ರಿ ಚಾಪೆಯ ಮೇಲೆ ಸೂರು ನೋಡುತ್ತ ಬಿದ್ದಿರಬೇಕು.

ಆಸ್ಪತ್ರೆಯಲ್ಲಿ ನಿದ್ದೆ ಕೊಡುವುದು ನರ್ಸುಗಳ ಕೆಲಸ. ಆಪರೇಷನ್ ಆದವರು, ಸುಟ್ಟ ಗಾಯದವರು, ಎದೆನೋವಿನ ಭಯದಲ್ಲಿ ಕಣ್ಣು ಮುಚ್ಚಲಾರದವರು, ಇಂಥವರಿಗೆ ಡಾಕ್ಟರು ಮಾತ್ರೆ ಬರೆಯುತ್ತಾರೆ, ನಿದ್ದೆ ನಾವು ಕೊಡುತ್ತೇವೆ. ಒಬ್ಬರಿಗೆ ಅರ್ಧ ಗಂಟೆ. ‘ಸಿಸ್ಟರ್, ಒಂಚೂರು ನಿದ್ದೆ ಕೊಡ್ರೀ’ ಎಂದು ಯಾರು ಕೇಳಿದರೂ ಇಲ್ಲ ಅನ್ನುವಂತಿಲ್ಲ. ನಾನು ಕೆಲಸಕ್ಕೆ ಸೇರಿದಾಗ ನಾವು ಒಂಬತ್ತು ಮಂದಿ ಇದ್ದೆವು. ರಿಟೈರ್ ಆದವರ ಜಾಗಕ್ಕೆ, ವರ್ಗವಾಗಿ ಹೋದವರ ಜಾಗಕ್ಕೆ ಎಲ್ಲೋ ಒಬ್ಬಿಬ್ಬರನ್ನು ಬಿಟ್ಟರೆ ಯಾರೂ ಬರಲಿಲ್ಲ. ಈ ಸಂಗತಿ ನಡೆದ ಹೊತ್ತಿಗೆ ಹಗಲಿಗೆ ನಾನು ಮತ್ತು ನಸೀಮಾ, ರಾತ್ರಿಗೆ ಇನ್ನಿಬ್ಬರು. ಅಷ್ಟೇ ಜನ.

ನಾವು ಮಾತ್ರ ಯಾರನ್ನೂ ನಿದ್ದೆ ಕೇಳುವಂತಿರಲಿಲ್ಲ. ಯಾವ ಕಾಗದದಲ್ಲೂ ಹಾಗಂತ ಬರೆದಿಲ್ಲ. ನನ್ನ ಹೆಡ್ ಸಿಸ್ಟರ್ ನನಗೆ ಕಲಿಸಿದ್ದು, ಬಂದ ಹುಡುಗಿಯರಿಗೆಲ್ಲ ನಾನು ಮೊದಲ ದಿನವೇ ಬೆರಳೆತ್ತಿ ಹೇಳುತ್ತಿದ್ದದ್ದು: ‘ಕೇಳೋರು ಮಂಚದ ಮೇಲೆ ಮಲಗಿರ್ತಾರೆ ಕಣಮ್ಮ, ಪಕ್ಕದಲ್ಲಿ ನಿಂತಿರೋದಿಲ್ಲ.’ ಮನೆಯಲ್ಲಿ ನನ್ನ ಗಂಡ, ಪಾಪ, ಟೈಲರ್ ಅಂಗಡಿ ಮುಚ್ಚಿ ಬಂದು ಪಕ್ಕದಲ್ಲಿ ಕೂತು, ‘ನಿನ್ನ ಕಣ್ಣು ನೋಡೋಕಾಗಲ್ಲ ತುಂಗಾ, ಒಂದ್ಮಾತು ಕೇಳೇ, ಎರಡು ಗಂಟೆ ನಾನು ಕೊಡ್ತೀನಿ’ ಎನ್ನುತ್ತಿದ್ದರು. ‘ನಿಮ್ಮ ನಿದ್ದೆ ನೀವೇ ಇಟ್ಕೊಳ್ಳಿ, ನಾನೇನು ರೋಗೀನಾ?’ ಎಂದು ಗದರುತ್ತಿದ್ದೆ. ಅದರಲ್ಲೊಂದು ಜಂಬ ಬೇರೆ ನನಗೆ.

ನಸೀಮಾ ಆರು ವರ್ಷದ ಹಿಂದೆ ಬಂದವಳು. ಬಂದ ಹೊಸದರಲ್ಲಿ ಅವಳು ನಕ್ಕರೆ ಔಷಧಿ ಸ್ಟೋರಿನವರೆಗೂ ಕೇಳಿಸುತ್ತಿತ್ತು. ಯಾರ ಮನೆಯ ಎಮ್ಮೆ ಕರು ಹಾಕಿದೆ, ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಎಲ್ಲ ಅವಳಿಗೆ ಗೊತ್ತು. ಅರ್ಧ ಗಂಟೆ ಕೇಳಿದವರಿಗೆ ಮುಕ್ಕಾಲು ಗಂಟೆ ಕೊಟ್ಟುಬಿಡುವಳು. ‘ಲೇ, ನಿನಗೂ ಒಂದಿಷ್ಟು ಉಳಿಸ್ಕೊಳ್ಳೇ’ ಎಂದು ಬೈದರೆ, ‘ನಂದು ಬೇಜಾನಿದೆ ಸಿಸ್ಟರ್’ ಎನ್ನುವಳು. ಆಮೇಲೆ ಯಾವಾಗಲೋ ಆ ನಗು ನಿಂತುಹೋಯಿತು. ಹೆಸರು ಹಿಡಿದು ಕರೆಯುತ್ತಿದ್ದವಳು ‘ಏಳನೇ ಬೆಡ್ಡು’, ‘ಹತ್ತೊಂಬತ್ತನೇ ಬೆಡ್ಡು’ ಎನ್ನತೊಡಗಿದಳು. ಊಟದ ಡಬ್ಬಿ ತೆರೆದು, ನೋಡಿ, ಹಾಗೇ ಮುಚ್ಚಿಡುವಳು. ಅವಳು ಮೂರು ವಾರ ನೋಡಿಕೊಂಡ ಹೆಂಗಸೊಬ್ಬಳು ಕಣ್ಣೆದುರೇ ತೀರಿಕೊಂಡಾಗ ಏನೂ ಆಗದವಳಂತೆ ಬೆಡ್‌ಶೀಟ್ ಬದಲಾಯಿಸಿ ಮುಂದಿನ ಮಂಚಕ್ಕೆ ಹೋದಳು. ಅದನ್ನು ನೋಡಿ ನಾನು ಏನಂದುಕೊಂಡೆ ಗೊತ್ತೇ? ‘ಹುಡುಗಿ ಈಗ ಪಳಗಿದಳು’ ಎಂದುಕೊಂಡೆ. ವರ್ಷದ ವರದಿಯಲ್ಲಿ ‘ಕೆಲಸದಲ್ಲಿ ಗಟ್ಟಿಯಾಗಿದ್ದಾರೆ’ ಎಂದು ಬರೆದು ಸಹಿ ಬೇರೆ ಹಾಕಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅದು ಬೇಸಿಗೆ, ಮಧ್ಯಾಹ್ನ ಎರಡರ ಹೊತ್ತು. ಒಂದರಿಂದ ನಾಲ್ಕರವರೆಗೆ ನಮ್ಮೂರಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿ ಊರಿಗೆ ಊರೇ ಮಲಗುತ್ತದೆ. ನಾನು ಸ್ಟೋರಿನಿಂದ ಹತ್ತಿ, ಬ್ಯಾಂಡೇಜು ತೆಗೆದುಕೊಂಡು ವಾರ್ಡಿಗೆ ಬಂದರೆ, ಹನ್ನೆರಡನೇ ಮಂಚದ ಅಂಚಿಗೆ ತಲೆ ಇಟ್ಟು ನಸೀಮಾ ಗೊರಕೆ ಹೊಡೆಯುತ್ತಿದ್ದಾಳೆ. ಮಂಚದ ಮೇಲಿದ್ದವರು ಹಾಲಪ್ಪ ಮೇಷ್ಟ್ರು. ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾಗಿದ್ದು ರಿಟೈರ್ ಆದವರು, ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಬಂದಿದ್ದರು. ಅವರು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಎಚ್ಚರವಾಗಿದ್ದಾರೆ. ನಸೀಮಾಳ ಹೆಬ್ಬೆರಳು ಅವರ ಮುಷ್ಟಿಯಲ್ಲಿದೆ. ಅಂದರೆ ಕೊಡುತ್ತಿರುವವರು ಅವರು, ತೆಗೆದುಕೊಳ್ಳುತ್ತಿರುವವಳು ನಮ್ಮ ನರ್ಸು! ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು ನನಗೇ ‘ಶ್!’ ಎಂದರು. ನನಗೆ! ನನ್ನ ವಾರ್ಡಿನಲ್ಲಿ!

‘ನಸೀಮಾ!’ ಎಂದು ನಾನು ಕೂಗಿದ ಕೂಗಿಗೆ ನಲವತ್ತು ಮಂಚವೂ ಬೆಚ್ಚಿಬಿತ್ತು. ಅವಳು ದಡಬಡಿಸಿ ಎದ್ದು ಬಾಯಿ ಒರೆಸಿಕೊಂಡಳು. ‘ನಾಚಿಕೆ ಆಗಲ್ವೇನೇ ನಿನಗೆ? ಮೂಳೆ ಮುರ್ಕೊಂಡು ಮಲಗಿರೋ ಮನುಷ್ಯನ ಹತ್ರ ಕೈಯೊಡ್ಡಿದೀಯಲ್ಲೇ! ನಾನು ಕಲಿಸಿದ್ದು ಇದೇನಾ?’ ಎಂದು ಎಲ್ಲರೆದುರೇ ಬೈದೆ. ಅವಳು ಅಳಲಿಲ್ಲ. ‘ಅವರಿಗೆ ಕೊಡೋಕೆ ಅಂತಲೇ ಕೂತೆ ಸಿಸ್ಟರ್. ಕೊಡೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಐದು ನಿಮಿಷ ನೀವೇ ಕೊಡ್ತೀರಾ ಮೇಷ್ಟ್ರೇ ಅಂತ ಬಾಯಿಗೆ ಬಂದ್ಬಿಡ್ತು’ ಎಂದಳು. ಆಮೇಲೆ ತಲೆಯೆತ್ತಿ, ‘ನೀವು ಕೊನೇ ಸಲ ಯಾವಾಗ ಚೆನ್ನಾಗಿ ನಿದ್ದೆ ಮಾಡಿದ್ರಿ ಸಿಸ್ಟರ್?’ ಎಂದು ಕೇಳಿದಳು. ಅದರಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು. ‘ಅದೆಲ್ಲಾ ನಿನಗ್ಯಾಕೆ?’ ಎಂದು ಬಾಯಿ ಮುಚ್ಚಿಸಿದೆ. ನಿಜ ಹೇಳಬೇಕೆಂದರೆ ನನಗೆ ನೆನಪಿರಲಿಲ್ಲ.

ಡಾಕ್ಟರ್ ವೃಷಭೇಂದ್ರ ನನ್ನನ್ನು ಕೋಣೆಗೆ ಕರೆಸಿದರು. ಇಡೀ ಆಸ್ಪತ್ರೆಗೆ ಇದ್ದ ಡಾಕ್ಟರು ಅವರೊಬ್ಬರೇ. ಹೊರಗೆ ಎಪ್ಪತ್ತು ಜನರ ಸಾಲು. ‘ರೋಗಿಯ ನಿದ್ದೆ ಮುಟ್ಟಿದೋರನ್ನ ಕೆಲಸದಿಂದ ತೆಗೀಬೇಕು ಅಂತ ನಿಯಮ ಇದೆ ತುಂಗಮ್ಮ. ನಾಳೆ ಸಂಜೆ ಐದರೊಳಗೆ ನೀವು ರಿಪೋರ್ಟ್ ಕೊಡಿ. ನೀವು ಏನು ಬರೀತೀರೋ ಅದರ ಮೇಲೆ ನಾನು ತೀರ್ಮಾನ ಮಾಡ್ತೀನಿ’ ಎಂದು ಕಣ್ಣುಜ್ಜಿಕೊಂಡರು. ನಸೀಮಾ ಅಲ್ಲಿಯವರೆಗೂ ಕಾಯಲಿಲ್ಲ. ಡ್ಯೂಟಿ ಮುಗಿಸಿ ಹೋಗುವಾಗ ರಾಜೀನಾಮೆ ಬರೆದು ನನ್ನ ಮೇಜಿನ ಮೇಲಿಟ್ಟಳು. ‘ನಾಳೆ ಐದು ಗಂಟೆ ತನಕ ಇರ್ತೀನಿ ಸಿಸ್ಟರ್. ನೀವು ವಾರ್ಡಲ್ಲಿ ಒಬ್ಬರೇ ಆಗ್ತೀರಿ ಅಂತ.’

‘ಬೇರೆ ಯಾವ ಆಸ್ಪತ್ರೆಗೆ ಸೇರ್ತೀಯೇ?’ ಎಂದೆ.

‘ಯಾವುದಕ್ಕೂ ಇಲ್ಲ. ಈ ಕೆಲಸವೇ ಸಾಕು. ಚಿಕ್ಕಪ್ಪನ ಬಟ್ಟೆ ಅಂಗಡೀಲಿ ಕೂರ್ತೀನಿ. ಬಟ್ಟೆ ಬಂದು ನನ್ನ ನಿದ್ದೆ ಕೇಳಲ್ಲ ನೋಡಿ.’

ಆರು ವರ್ಷದ ಹಿಂದೆ ಬಂದ ಹುಡುಗಿಯ ಬಾಯಲ್ಲಿ ಈ ಮಾತು! ಹೋಗು, ಹೋದರೆ ಹೋಗು, ಯಾರಿಲ್ಲದಿದ್ದರೂ ವಾರ್ಡು ನಡೆಯುತ್ತದೆ ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ. ಮನೆಗೆ ಹೋಗಿ ಅನ್ನ ಕಲಸಿದೆ, ತಿನ್ನಲಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ರಿಪೋರ್ಟಿಗಾಗಿ ಮೇಷ್ಟ್ರ ಹೇಳಿಕೆ ಬರೆದುಕೊಳ್ಳಲು ಹೋದೆ. ‘ಬರ್ಕೊಳ್ಳಿ ಸಿಸ್ಟರ್’ ಎಂದು ಅವರು ಡ್ರಿಲ್ ಮಾಡಿಸುವ ದನಿಯಲ್ಲೇ ಶುರು ಮಾಡಿದರು. ‘ಹುಡುಗಿ ಕೇಳಿದ್ಲು, ನಾನು ಕೊಟ್ಟೆ. ಅವಳು ಕೇಳಿದ್ದು ಐದು ನಿಮಿಷ, ನಾನು ಕೊಟ್ಟಿದ್ದು ಒಂದು ಗಂಟೆ. ತಪ್ಪಿದ್ರೆ ನಂದು.’

‘ನೀವು ರೋಗಿ ಮೇಷ್ಟ್ರೇ. ನಿಮ್ಮ ನಿದ್ದೆ ನಿಮಗೇ ಸಾಲದು.’

‘ಯಾರ್ರೀ ಹೇಳಿದ್ದು? ಮೊದಲೆರಡು ದಿನ ನೋವಿತ್ತು, ನಿಮ್ಮ ಹತ್ರ ಇಸ್ಕೊಂಡೆ. ನಿನ್ನೆ ಕೇಳಿದ್ದು ಬರೀ ಅಭ್ಯಾಸಬಲ. ಈಗ ತಿನ್ನೋದು ಮಲಗೋದು, ಮಲಗೋದು ತಿನ್ನೋದು. ಇಷ್ಟು ನಿದ್ದೆ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ?’ ಎಂದು ರೇಗಿದರು. ‘ನನ್ನದು ಬಿಡಿ. ಹೊರಗೆ ವರಾಂಡದಲ್ಲಿ ನಮ್ಮನೆಯವಳಿದಾಳಲ್ಲ, ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ, ಅವಳ ನಿದ್ದೆ ತಳ ಕಂಡಿದ್ದು ನಾನು ನೋಡಿಲ್ಲ. ನೀವು ಒಂದು ಮಾತು ಕೇಳಿದ್ರೆ ನಿಮಗೂ ನಿಮ್ಮ ಹುಡುಗಿಗೂ ಆಗೋಷ್ಟು ಕೊಡ್ತಾಳೆ. ಆದ್ರೆ ನೀವು ಕೇಳೋರಲ್ಲ. ಆ ಹುಡುಗಿಗೆ ಧೈರ್ಯ ಇತ್ತು, ಕೇಳಿದ್ಲು.’

ನನಗೆ ಮೈಯೆಲ್ಲ ಉರಿಯಿತು. ಪೆನ್ನು ಮುಚ್ಚಿ ಎದ್ದು ಬಂದೆ. ಮೇಷ್ಟ್ರ ಹೆಂಡತಿ ಈರಮ್ಮನಿಗೂ ನನಗೂ ಹತ್ತು ದಿನದಿಂದ ಜಗಳವೇ ನಡೆದಿತ್ತು. ಬೆಳಿಗ್ಗೆ ಗಂಡನಿಗೆ ಗಂಜಿ ಕುಡಿಸಿ, ವರಾಂಡದಲ್ಲಿ ಚಾಪೆ ಹಾಸಿ ಮಲಗಿದರೆ ಆಕೆ ಮತ್ತೆ ಏಳುವುದು ಮಧ್ಯಾಹ್ನದ ಊಟಕ್ಕೆ. ಉಂಡು ಮಲಗಿದರೆ ಸಂಜೆಯ ಕಾಫಿಗೆ. ‘ಎದ್ದೇಳ್ರೀ, ಇದೇನು ಛತ್ರಾನಾ?’ ಎಂದು ನಾನು ದಿನಕ್ಕೆ ಮೂರು ಸಲ ಎಬ್ಬಿಸುತ್ತಿದ್ದೆ. ಆಕೆ ಚಾಪೆ ಸುತ್ತಿಕೊಂಡು ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೆ ಹಾಸುತ್ತಿದ್ದಳು. ಆಕೆಯೊಬ್ಬಳೇ ಅಲ್ಲ, ರೋಗಿಗಳ ಜೊತೆ ಬಂದವರೆಲ್ಲ ಅಲ್ಲೇ. ಬುತ್ತಿ ತಂದು ಕೊಟ್ಟಾದ ಮೇಲೆ ಅವರಿಗೆ ಬೇರೆ ಏನು ಕೆಲಸ? ಗೋಡೆಗೆ ಒರಗಿ ಕೆಲವರು, ಸೆರಗು ಹಾಸಿಕೊಂಡು ಕೆಲವರು, ಟೋಪಿಯನ್ನು ಮುಖದ ಮೇಲಿಟ್ಟುಕೊಂಡು ಕೆಲವರು. ಹನ್ನೊಂದು ವರ್ಷದಿಂದ ಅವರನ್ನು ದಾಟಿಕೊಂಡು, ಬೈದುಕೊಂಡು ಓಡಾಡಿದವಳು ಅವತ್ತು ಮೊದಲ ಸಲ ನಿಂತು ನೋಡಿದೆ. ಅಬ್ಬಬ್ಬಾ, ಎಷ್ಟು ನಿದ್ದೆ! ಗೋಡೆಯ ಈಚೆ ನಾವು ನಿಂತಲ್ಲೇ ತೂಕಡಿಸುತ್ತಿದ್ದೇವೆ, ಆಚೆ ಇಷ್ಟೊಂದು ಬಿದ್ದಿದೆ. ನಾವು ಕೇಳುವುದಿಲ್ಲ. ಕೇಳದೆ ಅವರು ಕೊಡಲಿಕ್ಕೆ ಬರುವುದಿಲ್ಲ.

ಸರಿ, ಕೇಳಿಯೇ ಬಿಡೋಣ ಎಂದು ಈರಮ್ಮನ ಬಳಿ ಹೋದೆ. ‘ಈರಮ್ಮನವರೇ’ ಎಂದದ್ದೇ ತಡ, ಆಕೆ ಕಣ್ಣು ಬಿಡದೆಯೇ ಚಾಪೆ ಸುತ್ತತೊಡಗಿದಳು. ‘ಹೋಗ್ತೀನಿ ಸಿಸ್ಟ್ರಮ್ಮ, ಹೋಗ್ತೀನಿ, ಕೂಗ್ಬೇಡಿ.’

‘ಅದಲ್ಲ... ಒಂದು ವಿಷಯ...’

‘ಏನು?’

‘ಕುಡಿಯೋಕೆ ಒಂಚೂರು ಮಜ್ಜಿಗೆ ಇದೆಯಾ?’ ಎಂದುಬಿಟ್ಟೆ. ಆಕೆ ಮಿಕಮಿಕ ನೋಡಿ, ಕ್ಯಾರಿಯರ್ ತೆಗೆದು, ಒಂದು ಲೋಟ ಮಜ್ಜಿಗೆ ಬಗ್ಗಿಸಿ ಕೊಟ್ಟಳು. ಗಟಗಟ ಕುಡಿದು, ಲೋಟ ಕೊಟ್ಟು, ಬಂದ ದಾರಿ ಹಿಡಿದೆ. ಸಾವಿರಾರು ಜನಕ್ಕೆ ಇಂಜೆಕ್ಷನ್ ಚುಚ್ಚಿದವಳು, ಡಾಕ್ಟರಿಗೇ ಎದುರು ಮಾತಾಡುವವಳು, ಮಜ್ಜಿಗೆ ಕುಡಿದು ಓಡಿಬಂದೆ.

ಎರಡು ಗಂಟೆಗೆ ನಸೀಮಾ ಔಷಧಿ ಬೀರುವಿನ ಕೀ ಗೊಂಚಲು ತಂದು ನನ್ನ ಕೈಗಿಟ್ಟಳು. ‘ಈಗಲೇ ಒಪ್ಪಿಸಿಬಿಡ್ತೀನಿ ಸಿಸ್ಟರ್. ಸಂಜೆ ಮರೆತರೆ ಕಷ್ಟ. ಏನೇನೋ ಮರೀತಿದೀನಿ.’ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವಿರಲಿಲ್ಲ, ಏನೂ ಇರಲಿಲ್ಲ. ಈ ಹುಡುಗಿ ಐದು ಗಂಟೆಗೆ ಹೋದರೆ ಮತ್ತೆ ಯಾವ ರೋಗಿಯ ಪಕ್ಕದಲ್ಲೂ ಕೂರುವುದಿಲ್ಲ, ಅದಕ್ಕೆ ಕಾರಣ ನಾನು ಎಂದು ಆ ಕ್ಷಣಕ್ಕೆ ಚೆನ್ನಾಗಿ ಅರ್ಥವಾಯಿತು. ಹೋಗಿ ಯಾರನ್ನಾದರೂ ಕೇಳೇ ಎಂದು ಈಗ ಅವಳಿಗೆ ಹೇಳಿದರೆ ಏನು ಪ್ರಯೋಜನ? ಅವಳು ಒಮ್ಮೆ ಕೇಳಿದ್ದಳು. ನಲವತ್ತು ಮಂಚದ ಎದುರು ನಾನು ಮಾನ ಕಳೆದಿದ್ದೆ. ಇನ್ನು ಆ ನಲವತ್ತು ಮಂಚದ ಎದುರೇ ನಾನು ಕೇಳಬೇಕು.

ವರಾಂಡದ ಕಡೆಯ ಎರಡೂ ಬಾಗಿಲನ್ನು ತೆರೆದು ಹೊಸಿಲ ಮೇಲೆ ನಿಂತೆ. ‘ಈರಮ್ಮನವರೇ!’ ಎಂದು ಕೂಗಿದೆ. ವರಾಂಡದಲ್ಲಿದ್ದವರೆಲ್ಲ ಗಡಬಡಿಸಿ ಎದ್ದು ಚಾಪೆ ಸುತ್ತತೊಡಗಿದರು. ‘ಯಾರೂ ಏಳ್ಬೇಡಿ. ನಾನು ಎಬ್ಬಿಸೋಕೆ ಬಂದಿಲ್ಲ. ಈರಮ್ಮನವರೇ, ನನಗೆ ನಿದ್ದೆ ಇಲ್ಲ. ತುಂಬಾ ದಿನದಿಂದ ಇಲ್ಲ. ಒಂಚೂರು...’ ಇಷ್ಟು ಹೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹಿಂದೆ ನಲವತ್ತು ಮಂಚವೂ ಕೇಳಿಸಿಕೊಳ್ಳುತ್ತಿತ್ತು. ‘ಒಂಚೂರು ಕೊಡ್ತೀರಾ?’ ಎಂದೆ. ಅಳು ಬಂದೇ ಬಂತು, ತಡೆಯಲಿಲ್ಲ.

ಈರಮ್ಮ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ‘ಅಯ್ಯೋ ನನ್ನ ತಾಯೀ! ಇಷ್ಟು ಕೇಳಕ್ಕೆ ಆಗ್ದೆ ಬೆಳಿಗ್ಗೆ ಮಜ್ಜಿಗೆ ಕುಡ್ಕೊಂಡು ಹೋದ್ಯಾ? ಬಾ, ಬಾ ಇಲ್ಲಿ, ಮಲಕ್ಕೋ’ ಎಂದು ಪಕ್ಕಕ್ಕೆ ಸರಿದು ಚಾಪೆ ತಟ್ಟಿದಳು. ಅಷ್ಟು ದಿನ ‘ಸಿಸ್ಟ್ರಮ್ಮ’, ‘ನೀವು’ ಎನ್ನುತ್ತಿದ್ದವಳು ಒಂದೇ ಸಲಕ್ಕೆ ಮಗಳನ್ನು ಕರೆದಂತೆ ಕರೆದಳು. ‘ವಾರ್ಡು ನೋಡ್ಕೋ’ ಎಂದು ನಸೀಮಾಳಿಗೆ ಹೇಳಿ, ಕೀ ಗೊಂಚಲನ್ನು ಮತ್ತೆ ಅವಳ ಕೈಗೆ ತುರುಕಿ, ಯೂನಿಫಾರಂ ಸಮೇತ ಹೋಗಿ ಮಲಗಿದೆ. ಈರಮ್ಮನ ಮುಷ್ಟಿ ಒರಟು, ಬೆಚ್ಚಗಿತ್ತು. ಆಕೆ ಏನೋ ಹೇಳುತ್ತಿದ್ದಳು. ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಎಚ್ಚರವಾದಾಗ ನಾಲ್ಕು ಗಂಟೆ. ಯಾರೋ ನನ್ನ ಕಾಲ ಮೇಲೆ ಟವೆಲ್ ಹೊದಿಸಿದ್ದರು. ಈರಮ್ಮ ಅಲ್ಲೇ ಕೂತು ಒಂದು ಕೈಯಲ್ಲಿ ನನ್ನ ಹೆಬ್ಬೆರಳು ಹಿಡಿದು ಇನ್ನೊಂದು ಕೈಯಲ್ಲಿ ಕಡಲೆಕಾಯಿ ತಿನ್ನುತ್ತಿದ್ದಳು. ‘ಸಾಕಾ? ಇನ್ನೂ ಇದೆ’ ಎಂದಳು. ನಾನು ಮಲಗಿದ್ದಾಗ ಡಾಕ್ಟರು ಬಂದಿದ್ದರಂತೆ. ನಸೀಮಾ ಬಾಗಿಲಲ್ಲೇ ತಡೆದು, ‘ಸಿಸ್ಟರ್ ಮಲಗಿದಾರೆ ಸಾರ್, ಏನಿದ್ರೂ ನನಗೆ ಹೇಳಿ’ ಎಂದಳಂತೆ. ಅತ್ತ ನೋಡಿದರೆ ಕಸ ಗುಡಿಸುವ ನಮ್ಮ ಸಿದ್ದಕ್ಕ ಯಾರದೋ ಅಜ್ಜನನ್ನು ಕೇಳಿ ನಿದ್ದೆ ಇಸಿದುಕೊಂಡು, ಪೊರಕೆ ಪಕ್ಕದಲ್ಲಿಟ್ಟು ಮಲಗಿಬಿಟ್ಟಿದ್ದಳು. ಅಜ್ಜ ಅವಳ ಹೆಬ್ಬೆರಳು ಹಿಡಿದು ಬಹಳ ಗಂಭೀರವಾಗಿ ಕೂತಿದ್ದ.

ಎದ್ದು ಮುಖ ತೊಳೆದು ರಿಪೋರ್ಟ್ ಬರೆಯಲು ಕೂತೆ. ತಲೆ ಎಷ್ಟು ಹಗುರ, ಅಕ್ಷರ ಎಷ್ಟು ನೆಟ್ಟಗೆ! ರೋಗಿ ಮನಸಾರೆ ಕೊಟ್ಟಿದ್ದಾರೆ ಎಂದು ಬರೆದೆ. ಯಾರನ್ನೂ ಕೇಳಬಾರದೆಂದು ಹುಡುಗಿಯರಿಗೆ ಕಲಿಸಿದವಳು ನಾನು, ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ ಎಂದು ಬರೆದೆ. ನಲವತ್ತು ಮಂಚಕ್ಕೆ ಹಗಲಲ್ಲಿ ಇಬ್ಬರೇ ಇದ್ದೇವೆ, ಇನ್ನೂ ಇಬ್ಬರನ್ನು ಕಳಿಸಿ, ವರಾಂಡದವರ ನಿದ್ದೆಯಿಂದಲೇ ಆಸ್ಪತ್ರೆ ನಡೆಸಲಾಗುವುದಿಲ್ಲ ಎಂದೂ ಬರೆದೆ. ಡಾಕ್ಟರು ಎರಡು ಸಲ ಓದಿದರು. ‘ನಸೀಮಾಗೆ ಎಚ್ಚರಿಕೆ ಕೊಟ್ಟಿದೆ ಅಂತ ಬರೆದು ಇದನ್ನ ಮುಗಿಸ್ತೀನಿ. ಮಿಕ್ಕಿದ್ದನ್ನ ಮೇಲಕ್ಕೆ ಕಳಿಸ್ತೀನಿ’ ಎಂದರು. ಕಳಿಸಿದರು ಕೂಡ, ಇಬ್ಬರನ್ನು ಕೇಳಿದ್ದಕ್ಕೆ ಮೂರು ತಿಂಗಳ ಮೇಲೆ ಒಬ್ಬಳು ಬಂದಳು. ನಾನು ಬಾಗಿಲು ದಾಟುವಾಗ ಅವರು ಕೆಮ್ಮಿ, ‘ತುಂಗಮ್ಮ, ಅದೂ... ಡಾಕ್ಟರುಗಳೂ ಕೇಳಬಹುದಾ?’ ಎಂದರು. ‘ವರಾಂಡದಲ್ಲಿ ಕೇಳಿ ನೋಡಿ ಸಾರ್, ನನಗಂತೂ ಯಾರೂ ಇಲ್ಲ ಅನ್ನಲಿಲ್ಲ’ ಎಂದೆ.

ಐದಕ್ಕೆ ಹತ್ತು ನಿಮಿಷವಿತ್ತು. ನಸೀಮಾ ಬಟ್ಟೆ ಬದಲಾಯಿಸಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ನನ್ನ ಮೇಜಿನ ಮುಂದೆ ನಿಂತಳು. ರಾಜೀನಾಮೆ ಇನ್ನೂ ನನ್ನ ಕೈಯಲ್ಲೇ ಇತ್ತು. ‘ನಿನ್ನೆ ನಾನು ಬೈದಿದ್ದು ತಪ್ಪು ಕಣೇ. ನೀನು ಕೇಳಿದ್ದು ಸರಿ’ ಎಂದೆ. ಅವಳು ನೆಲ ನೋಡುತ್ತಿದ್ದಳು. ‘ನಿನ್ನನ್ನ ಯಾರೂ ತೆಗೆಯೋದಿಲ್ಲ. ಈ ಕಾಗದ ಮೇಲಕ್ಕೆ ಕಳಿಸು ಅಂದ್ರೆ ಈಗಲೇ ಕಳಿಸ್ತೀನಿ. ಬೇಡ ಅಂದ್ರೆ ಹರಿದುಹಾಕ್ತೀನಿ. ನೀನು ಹೇಳಿದ ಹಾಗೆ.’

‘ಏನು ಹೇಳೋದೋ ತಿಳೀತಿಲ್ಲ ಸಿಸ್ಟರ್. ತಲೆ ಓಡ್ತಾನೇ ಇಲ್ಲ’ ಎಂದಳು.

ಅವಳ ಕೈ ಹಿಡಿದು ಮಲಗಿಸಿಬಿಡಬೇಕು ಅನ್ನಿಸಿತು. ಆದರೆ ಅವಳು ಕೇಳದೆ ನಾನೇನು ಮಾಡಲಿ? ಈರಮ್ಮ ಇದಾರೆ, ಹೋಗಿ ಕೇಳು ಎಂದೆ. ತಲೆ ಅಲ್ಲಾಡಿಸಿದಳು. ಹೊರಟೇಬಿಡುತ್ತಾಳೆ ಎಂದುಕೊಂಡೆ. ಎರಡು ಹೆಜ್ಜೆ ಹೋದವಳು ನಿಂತಳು. ಬ್ಯಾಗನ್ನು ಕುರ್ಚಿಯ ಮೇಲಿಟ್ಟಳು. ‘ನೀವು ಕೊಡ್ತೀರಾ ಸಿಸ್ಟರ್?’ ಎಂದಳು.

ಹನ್ನೊಂದು ವರ್ಷದಲ್ಲಿ ನನ್ನ ಹುಡುಗಿಯರಲ್ಲಿ ಒಬ್ಬಳೂ ನನ್ನನ್ನು ಕೇಳಿರಲಿಲ್ಲ. ಮೂಲೆಯ ಖಾಲಿ ಮಂಚದ ಮೇಲೆ ಅವಳನ್ನು ಮಲಗಿಸಿ, ಸ್ಟೂಲು ಎಳೆದುಕೊಂಡು ಕೂತು ಹೆಬ್ಬೆರಳು ಹಿಡಿದೆ. ಕೈ ತಣ್ಣಗಿತ್ತು.

‘ಎಷ್ಟು ಹೊತ್ತು ಬೇಕು?’ ಎಂದೆ.

‘ಗೊತ್ತಿಲ್ಲ ಸಿಸ್ಟರ್. ತುಂಬಾ ಬೇಕು’ ಎಂದಳು.

‘ತಗೋ’ ಎಂದೆ.